ಮೂರು ದಿನದ ಬುತ್ತಿ

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ಪಂಡಿತ. ಹಳಗನ್ನಡ ಬಿಟ್ಟು ಈತ ಗರ್ಭಶಾಸ್ತ್ರಕ್ಕೆ ಏಕೆ ಕೈಹಾಕಿದ ಎಂದು ನೀವು ಕೇಳಬಹುದು. ಕಾರಣವನ್ನು ಮೊದಲೇ ಅರಿಕೆ ಮಾಡಿಬಿಡುತ್ತೇನೆ.

ನನ್ನ ಹಿರಿಯಕ್ಕನಿಗೆ ಮದುವೆಯಾಗಿ ಎಂಟು ವರ್ಷ ಮಕ್ಕಳಾಗಲಿಲ್ಲ. ತಿಂಗಳ ಲೆಕ್ಕ ನಾಲ್ಕೈದು ದಿನ ಮುಂದಕ್ಕೆ ಹೋದರೆ ಮನೆಯಲ್ಲಿ ಆಸೆ ಚಿಗುರುವುದು; ಮರುವಾರ ಅದು ಬಾಡುವುದು. ಆಮೇಲೆ ವಿಚಾರಣೆ. ತುಂಬಿದ ಕೊಡ ಎತ್ತಿದೆಯಾ? ಪರಂಗಿಹಣ್ಣು ತಿಂದೆಯಾ? ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದೆಯಾ? ಪ್ರಶ್ನೆಗಳೆಲ್ಲ ಅಕ್ಕನಿಗೇ, ಭಾವನವರನ್ನು ಯಾರೂ ಏನೂ ಕೇಳಲಿಲ್ಲ. ಆಮೇಲೆ ಅವಳಿಗೆ ಇಬ್ಬರು ಮಕ್ಕಳಾದರು. ಈಗ ಮೊಮ್ಮಕ್ಕಳಿದ್ದಾರೆ. ಆದರೂ ಈಚೆಗೆ ನಮ್ಮ ಮನೆಗೆ ಬಂದಾಗ, ಯಾವುದೋ ಮಾತಿನ ನಡುವೆ, ‘ಆ ಕೊಡ ಎತ್ತಬಾರದಾಗಿತ್ತು ಕಣೋ’ ಎಂದಳು. ನಲವತ್ತು ವರ್ಷ ಕಳೆದರೂ ಆ ಕೊಡದ ಭಾರ ಅವಳ ಸೊಂಟದಿಂದ ಇಳಿದಿರಲಿಲ್ಲ.

ಅಂದಿನಿಂದ ನಾನು ಈ ವಿಷಯವನ್ನು ಓದತೊಡಗಿದೆ. ಗರ್ಭ ಕಟ್ಟಿದ ಮೊದಲ ದಿನಗಳಲ್ಲಿ ಪಿಂಡವು ಯಾರ ಮಾತು ಕೇಳಿ ಬೆಳೆಯುತ್ತದೆ? ಅನೇಕ ಪಿಂಡಗಳು ಎರಡು ದಿನ, ಮೂರು ದಿನ ಬೆಳೆದು ಇದ್ದಕ್ಕಿದ್ದಂತೆ ನಿಂತುಬಿಡುವುದೇಕೆ? ಈ ಎರಡು ಪ್ರಶ್ನೆಗಳಿಗೆ ಮನುಷ್ಯರು ಉತ್ತರ ಹುಡುಕಿದ ಚರಿತ್ರೆಯನ್ನು ನನಗೆ ತಿಳಿದಮಟ್ಟಿಗೆ ನಿಮ್ಮ ಮುಂದಿಡುತ್ತೇನೆ.

ಈ ಕುತೂಹಲ ಬಹಳ ಹಳೆಯದು. ಗರ್ಭೋಪನಿಷತ್ತು ಒಂದು ರಾತ್ರಿ ಕಳೆದ ಪಿಂಡವನ್ನು ಕಲಲವೆಂದೂ ಏಳು ರಾತ್ರಿ ಕಳೆದುದನ್ನು ಬುದ್ಬುದ, ಎಂದರೆ ನೀರ್ಗುಳ್ಳೆ, ಎಂದೂ ಕರೆಯುತ್ತದೆ. ಗರ್ಭವೆಂಬುದು ತಾಯಿಯಿಂದ ಬಂದ ಭಾಗ, ತಂದೆಯಿಂದ ಬಂದ ಭಾಗ, ಇನ್ನೂ ಇತರ ಭಾಗಗಳು ಕೂಡಿ ಆಗತಕ್ಕದ್ದೆಂದು ಚರಕಸಂಹಿತೆಯ ಶಾರೀರಸ್ಥಾನದಲ್ಲಿ ವಿಚಾರ ನಡೆದಿದೆ. ಗ್ರೀಸಿನಲ್ಲಿ ಅರಿಸ್ಟಾಟಲನು ಕಾವಿಗಿಟ್ಟ ಕೋಳಿಮೊಟ್ಟೆಗಳಲ್ಲಿ ಮೂರು ದಿನದ ಮೇಲೆ ರಕ್ತದ ಚುಕ್ಕೆಯಂತೆ ಹೃದಯ ಮಿಡಿಯುವುದನ್ನು ಬರೆದಿಟ್ಟ. ಇಂದಿನ ವಿಜ್ಞಾನವೆಲ್ಲ ನಮ್ಮ ಹಿಂದಿನವರಿಗೆ ತಿಳಿದಿತ್ತೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಸೂಕ್ಷ್ಮದರ್ಶಕವಿಲ್ಲದೆ ಅವರು ಆ ದಿನಗಳ ಪಿಂಡವನ್ನು ಕಾಣುವುದು ಸಾಧ್ಯವಿರಲಿಲ್ಲ. ಆದರೆ ಗರ್ಭದಲ್ಲಿ ತಾಯಿಯ ಪಾಲೆಷ್ಟು, ತಂದೆಯ ಪಾಲೆಷ್ಟು ಎಂಬ ಪ್ರಶ್ನೆಯನ್ನು ಅವರು ಎತ್ತಿದ್ದರೆಂಬುದು ಗೌರವಿಸತಕ್ಕ ಸಂಗತಿ.

ರಕ್ತಸಂಚಾರವನ್ನು ಕಂಡುಹಿಡಿದ ಇಂಗ್ಲೆಂಡಿನ ವಿಲಿಯಂ ಹಾರ್ವೆ, ದೊರೆ ಒಂದನೆಯ ಚಾರ್ಲ್ಸನ ಬೇಟೆಯ ಕಾಡಿನ ಜಿಂಕೆಗಳನ್ನು ಕೂಡುವ ಕಾಲ ಮುಗಿದ ಮೇಲೆ ಸೀಳಿ ಸೀಳಿ ನೋಡಿದ. ವಾರಗಟ್ಟಲೆ ಗರ್ಭಾಶಯದಲ್ಲಿ ಅವನಿಗೆ ಏನೂ ಕಾಣಲಿಲ್ಲ. ಕಂಡದ್ದನ್ನೂ ಕಾಣದ್ದನ್ನೂ 1651ರಲ್ಲಿ ಪ್ರಾಮಾಣಿಕವಾಗಿ ಪುಸ್ತಕ ಮಾಡಿ ಪ್ರಕಟಿಸಿದ. ಮತ್ತೆ 176 ವರ್ಷ ಕಳೆದವು. 1827ರಲ್ಲಿ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಎಂಬ ಪಂಡಿತ ನಾಯಿಯೊಂದರ ಅಂಡಾಶಯದಲ್ಲಿ ಒಂದು ಹಳದಿಯ ಕಣವನ್ನು ಕಂಡು, ಮೊಲೆಯೂಡುವ ಪ್ರಾಣಿಗಳಿಗೂ ಅಂಡವುಂಟೆಂದು ತೋರಿಸಿಕೊಟ್ಟ. ಮನುಷ್ಯರ ಅಂಡದ ಅಡ್ಡಳತೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ಸೂಜಿಯ ಮೊನೆಯಿಂದ ಇಟ್ಟ ಚುಕ್ಕೆ ಎನ್ನಿ. 1875ರಲ್ಲಿ ಜರ್ಮನಿಯ ಆಸ್ಕರ್ ಹರ್ಟ್‌ವಿಗ್, ಮೈತುಂಬ ಮುಳ್ಳಿರುವ ‘ಸೀ ಅರ್ಚಿನ್’ ಎಂಬ ಕಡಲ ಪ್ರಾಣಿಯ ಅಂಡದಲ್ಲಿ ಗಂಡಿನ ಕೋಶಕೇಂದ್ರವೂ ಹೆಣ್ಣಿನ ಕೋಶಕೇಂದ್ರವೂ ಒಂದಾಗುವುದನ್ನು ಕಣ್ಣಾರೆ ಕಂಡ. ಹೊಸ ಜೀವಕ್ಕೆ ತಂದೆ, ತಾಯಿ ಇಬ್ಬರೂ ಒಂದೊಂದು ಪಾಲು ಕೊಡುತ್ತಾರೆಂಬುದು ಹೀಗೆ ಪ್ರತ್ಯಕ್ಷವಾಯಿತು.

ಆದರೆ ಪಾಲು ಕೈಗೆ ಬಂದ ದಿನದಿಂದಲೇ ಮಗ ಯಜಮಾನಿಕೆ ನಡೆಸುತ್ತಾನೆಯೆ? ನಮ್ಮ ಮನೆಗಳಲ್ಲಿಯೂ ಹಾಗೆ ನಡೆಯುವುದಿಲ್ಲ. ಪಿಂಡದಲ್ಲಿಯೂ ಇಲ್ಲವೆಂಬುದಕ್ಕೆ ಮೊದಲ ಸಾಕ್ಷಿಯನ್ನು ಒದಗಿಸಿದ್ದು ಬಸವನಹುಳು.

ಶಂಖಗಳಲ್ಲಿ ಬಲಮುರಿ, ಎಡಮುರಿ ಎಂಬ ಭೇದವನ್ನು ನೀವು ಬಲ್ಲಿರಿ. ಕೊಳದ ಬಸವನಹುಳುಗಳ ಚಿಪ್ಪಿನಲ್ಲಿಯೂ ಈ ಭೇದವುಂಟು. 1923ರಲ್ಲಿ ಇಂಗ್ಲೆಂಡಿನ ಬಾಯ್ಕಾಟ್ ಮತ್ತು ಡೈವರ್ ಎಂಬವರು ಇಂಥ ಹುಳುಗಳನ್ನು ತಲೆಮಾರುಗಟ್ಟಲೆ ಸಾಕಿ ಲೆಕ್ಕವಿಟ್ಟರು. ಲೆಕ್ಕ ಮೆಂಡೆಲನ ಸೂತ್ರಕ್ಕೆ ಹೊಂದದೆ ವಿಚಿತ್ರವಾಗಿತ್ತು. ಅದೇ ವರ್ಷ ಅಮೆರಿಕದ ಸ್ಟರ್ಟೆವೆಂಟ್ ಅದರ ಗುಟ್ಟನ್ನು ಬಿಡಿಸಿದ. ಮರಿಯ ಚಿಪ್ಪು ಯಾವ ಕಡೆಗೆ ಸುತ್ತಬೇಕೆಂಬುದನ್ನು ಮರಿಯ ವಂಶವಾಹಿಗಳು ನಿಶ್ಚಯಿಸುವುದಿಲ್ಲ, ತಾಯಿಯ ವಂಶವಾಹಿಗಳು ನಿಶ್ಚಯಿಸುತ್ತವೆ. ಮರಿಯ ಸ್ವಂತ ವಂಶವಾಹಿಯ ಮಾತು ನಡೆಯುವುದು ಅದರ ಮಕ್ಕಳ ಚಿಪ್ಪಿನಲ್ಲಿ. ತಾಯಿ ಅಂಡವನ್ನು ಸಿದ್ಧಮಾಡುವಾಗಲೇ ಅದರೊಳಗೆ ಏನನ್ನೋ ಕಟ್ಟಿಟ್ಟು ಕಳುಹಿಸಿರುತ್ತಾಳೆ ಎಂಬುದು ಇದರಿಂದ ಗೊತ್ತಾಯಿತು.

ಆ ‘ಏನನ್ನೋ’ ಎಂಬುದು ಏನೆಂದು ತಿಳಿಯಬೇಕಾದರೆ ವಂಶವಾಹಿ ಕೆಲಸಮಾಡುವ ಬಗೆಯನ್ನು ಸ್ವಲ್ಪ ನೋಡಬೇಕು. ನಾನು ಓಲೆಗರಿಗಳ ನಡುವೆ ಓದಿದವನು, ಅದೇ ದೃಷ್ಟಾಂತ ಕೊಡುತ್ತೇನೆ. ಪ್ರತಿ ಜೀವಕೋಶದ ಕೇಂದ್ರದಲ್ಲಿಯೂ ಡಿಎನ್‌ಎ ಎಂಬ ಮೂಲಗ್ರಂಥದ ಕಟ್ಟು ಒಂದಿದೆ. ಮೂಲಪ್ರತಿಯನ್ನು ಅಡಿಗೆಮನೆಗೋ ಹೊಲಕ್ಕೋ ಯಾರೂ ಒಯ್ಯುವುದಿಲ್ಲವಷ್ಟೆ. ಬೇಕಾದ ಗರಿಯೊಂದನ್ನು ಲಿಪಿಕಾರ ನಕಲು ಮಾಡಿ ಹೊರಗೆ ಕಳುಹಿಸುತ್ತಾನೆ. ಆ ನಕಲೇ ದೂತ ಆರ್‌ಎನ್‌ಎ. ಅದನ್ನು ಓದಿ ಕೆಲಸಗಾರರು ಪ್ರೋಟೀನುಗಳನ್ನು ತಯಾರಿಸುತ್ತಾರೆ. ಗ್ರಂಥದ ಒಂದು ಗರಿ ಹೀಗೆ ನಕಲಾಗಿ ಕಾರ್ಯಕ್ಕೆ ಬರುವುದನ್ನೇ ವಂಶವಾಹಿಯ ಅಭಿವ್ಯಕ್ತಿ ಎನ್ನುವುದು. ಈ ದೂತ ಆರ್‌ಎನ್‌ಎಯ ಗುರುತು ಸಿಕ್ಕಿದ್ದು 1961ರಲ್ಲಿ.

ಅದಕ್ಕೆ ಮೊದಲೇ, 1936ರಲ್ಲಿ, ಈಥೆಲ್ ಬ್ರೌನ್ ಹಾರ್ವೆ ಎಂಬ ಅಮೆರಿಕದ ವಿದುಷಿ ಆಶ್ಚರ್ಯಕರವಾದ ಪ್ರಯೋಗವೊಂದನ್ನು ಮಾಡಿದ್ದರು. ಸೀ ಅರ್ಚಿನ್ ಪ್ರಾಣಿಯ ಅಂಡಗಳನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ಎರಡು ತುಂಡು ಮಾಡಿದರೆ ಒಂದು ತುಂಡಿಗೆ ಕೋಶಕೇಂದ್ರವೇ ಇರುವುದಿಲ್ಲ. ಆ ತುಂಡನ್ನು ಉಪ್ಪು ಹೆಚ್ಚಾದ ಕಡಲ ನೀರಿನಲ್ಲಿಟ್ಟು ಎಚ್ಚರಿಸಿದಾಗ ಅದು ಒಡೆದು ಎರಡಾಯಿತು, ನಾಲ್ಕಾಯಿತು. ಕೆಲವು ಸುಮಾರು ಐನೂರು ಭಾಗಗಳವರೆಗೂ ಹೋದವು. ಒಳಗೆ ಗ್ರಂಥವೇ ಇಲ್ಲ, ಆದರೂ ಕೆಲಸ ನಡೆದಿದೆ! ಆದರೆ ಅಲ್ಲಿಂದ ಮುಂದೆ ಅವು ಮರಿಯಾಗಲಿಲ್ಲ, ನಿಂತವು. 1960ರ ದಶಕದಲ್ಲಿ ಪಾಲ್ ಗ್ರಾಸ್ ಮತ್ತು ಜೊತೆಯವರು ಇದೇ ಪ್ರಾಣಿಯ ಅಂಡಗಳಲ್ಲಿ, ನಕಲು ಮಾಡುವ ಕೆಲಸವನ್ನು ಔಷಧದಿಂದ ತಡೆದು ನೋಡಿದರು. ಆಗಲೂ ಅದೇ ಫಲ: ಮೊದಲ ವಿಭಜನೆಗಳು ನಿಲ್ಲಲಿಲ್ಲ, ಮುಂದಿನ ಬೆಳವಣಿಗೆ ನಿಂತಿತು.

ಅರ್ಥ ಸ್ಪಷ್ಟವಾಯಿತು. ದೂರದ ಶಾಲೆಗೆ ಹೋಗುವ ಮಗುವಿಗೆ ತಾಯಿ ಬುತ್ತಿ ಕಟ್ಟಿಕೊಡುವಂತೆ, ಅಂಡಕ್ಕೂ ತಾಯಿಯ ದೇಹವು ಬುತ್ತಿ ಕಟ್ಟಿಕೊಟ್ಟಿರುತ್ತದೆ. ಬುತ್ತಿಯಲ್ಲಿ ಆಹಾರವಷ್ಟೇ ಅಲ್ಲ, ಮೊದಲೇ ನಕಲು ಮಾಡಿಟ್ಟ ಸಾವಿರಾರು ಗರಿಗಳೂ ಇರುತ್ತವೆ. ಪಿಂಡವು ತನ್ನ ಗ್ರಂಥವನ್ನು ಬಿಚ್ಚಿ ಓದುವ ಮೊದಲು ಈ ಬುತ್ತಿಯ ಮೇಲೆಯೇ ನಡೆಯುತ್ತದೆ. ಬುತ್ತಿ ತೀರುವುದರೊಳಗೆ ಅದು ತನ್ನ ಒಲೆಯನ್ನು ತಾನೇ ಹೊತ್ತಿಸಿಕೊಳ್ಳಬೇಕು. ಹೊತ್ತಿಸದಿದ್ದರೆ ಅಲ್ಲಿಗೆ ನಿಂತಿತು.

ಕಡಲ ಪ್ರಾಣಿಯ ಮಾತಾಯಿತು. ಮನುಷ್ಯರಲ್ಲಿ ಹೇಗೆ? ಇಲ್ಲಿ ನೋಡುವುದೇ ಕಷ್ಟ. ಅಮೆರಿಕದ ಬಾಸ್ಟನ್ ನಗರದಲ್ಲಿ ಜಾನ್ ರಾಕ್ ಮತ್ತು ಆರ್ಥರ್ ಹರ್ಟಿಗ್ ಎಂಬ ವೈದ್ಯರು 1938ರಿಂದ ಹಲವು ವರ್ಷ, ಬೇರೆ ಕಾರಣಕ್ಕೆ ಗರ್ಭಾಶಯ ತೆಗೆಸಿಕೊಳ್ಳುತ್ತಿದ್ದ ಸ್ತ್ರೀಯರ ಒಪ್ಪಿಗೆ ಪಡೆದು, ತೆಗೆದ ಗರ್ಭಾಶಯಗಳಲ್ಲಿ ಎಳೆಯ ಪಿಂಡವಿದೆಯೆ ಎಂದು ಹುಡುಕಿದರು. 210 ಮಂದಿಯಿಂದ ದೊರೆತದ್ದು 34 ಪಿಂಡ. ಎಲ್ಲವೂ ಹದಿನೇಳು ದಿನದೊಳಗಿನವು. ಇವರೆಲ್ಲ ಹಿಂದೆ ಮಕ್ಕಳನ್ನು ಹೆತ್ತಿದ್ದ ಸ್ತ್ರೀಯರು; ಆದರೂ ಆ ಪಿಂಡಗಳಲ್ಲಿ ಗಣನೀಯ ಭಾಗ ಕ್ರಮವಾಗಿ ಬೆಳೆದಿರಲಿಲ್ಲ. ಆರೋಗ್ಯವಂತ ತಾಯಿಯ ಒಡಲಿನಲ್ಲಿಯೂ ಪಿಂಡಗಳು ಸದ್ದಿಲ್ಲದೆ ನಿಂತುಹೋಗುತ್ತವೆ ಎಂಬುದಕ್ಕೆ ಕಣ್ಣಿಗೆ ಕಾಣುವ ಆಧಾರ ದೊರೆತದ್ದು ಹೀಗೆ.

ಅದೇ ರಾಕ್ ಅವರ ಪ್ರಯೋಗಾಲಯದಲ್ಲಿ ಮಿರಿಯಂ ಮೆನ್ಕಿನ್ ಎಂಬಾಕೆ ವರ್ಷಗಟ್ಟಲೆ ಸೋಲುಂಡು, 1944ರಲ್ಲಿ ಗಾಜಿನ ತಟ್ಟೆಯಲ್ಲಿ ಮನುಷ್ಯರ ಅಂಡ ಫಲಿತವಾಗಿ ಎರಡು ಕೋಶವಾದುದನ್ನು ರಾಕ್ ಅವರೊಡನೆ ವರದಿ ಮಾಡಿದರು. ಮುಂದಿನ ಹೆಜ್ಜೆಗಳು ಇಂಗ್ಲೆಂಡಿನವು. ರಾಬರ್ಟ್ ಎಡ್ವರ್ಡ್ಸ್, ವೈದ್ಯ ಪ್ಯಾಟ್ರಿಕ್ ಸ್ಟೆಪ್ಟೊ, ಸಹಾಯಕಿ ಜೀನ್ ಪರ್ಡಿ ಸೇರಿ 1970ರಲ್ಲಿ ಎಂಟು, ಹದಿನಾರು ಕೋಶಗಳವರೆಗೂ 1971ರಲ್ಲಿ ಪೊಳ್ಳಾದ ಗುಳ್ಳೆಯ ಹಂತದವರೆಗೂ ಪಿಂಡವನ್ನು ಬೆಳೆಸಿದರು. 1978ರ ಜುಲೈ 25ರಂದು ಓಲ್ಡಂ ಪಟ್ಟಣದಲ್ಲಿ ಲೂಯಿಸ್ ಬ್ರೌನ್ ಎಂಬ ಹೆಣ್ಣುಮಗು ಹುಟ್ಟಿತು. ಆ ಮಗುವನ್ನು ತಾಯಿಯ ಗರ್ಭಾಶಯಕ್ಕೆ ಸೇರಿಸಿದಾಗ ಅದು ಎಂಟು ಕೋಶಗಳ ಪಿಂಡ.

ನಮ್ಮ ದೇಶದಲ್ಲಿ, ಅದೇ ವರ್ಷ ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಇಂಥದೇ ಮಗು ಹುಟ್ಟಿತು. ದುರ್ಗಾ ಎಂದು ಅದನ್ನು ಕರೆದರು. ಎಂಟು ಕೋಶಗಳ ಪಿಂಡವನ್ನು 53 ದಿನ ಹೆಪ್ಪುಗಟ್ಟಿಸಿಟ್ಟು ಬಳಿಕ ತಾಯಿಯ ಗರ್ಭಕ್ಕೆ ಸೇರಿಸಿದೆನೆಂದು ಅವರು ಹೇಳಿದರು. ಸರಕಾರ ನೇಮಿಸಿದ ಸಮಿತಿ ಅವರನ್ನು ನಂಬಲಿಲ್ಲ. ನೊಂದ ಆ ವೈದ್ಯರು 1981ರಲ್ಲಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. 1986ರಲ್ಲಿ ಮುಂಬಯಿಯಲ್ಲಿ ಇಂದಿರಾ ಹಿಂದುಜಾ ಅವರೊಡನೆ ಇಂಥದೇ ಸಾಧನೆ ಮಾಡಿ ದೇಶದಲ್ಲಿ ಮೊದಲಿಗರೆನಿಸಿದ್ದ ವಿಜ್ಞಾನಿ ಟಿ. ಸಿ. ಆನಂದಕುಮಾರ್, ಮುಖೋಪಾಧ್ಯಾಯರ ಕೈಬರಹಗಳನ್ನು ಓದಿ, ಮೊದಲಿಗರು ತಾವಲ್ಲ, ಅವರೇ ಎಂದು 1997ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ತನಗೆ ಸಂದ ಕೀರ್ತಿಯನ್ನು ಕೈಯಾರೆ ಎತ್ತಿ ಇನ್ನೊಬ್ಬರಿಗೆ ಕೊಡುವವರು ವಿರಳ.

ಇಂಥ ಚಿಕಿತ್ಸೆ ಬೆಳೆದಂತೆಲ್ಲ ವೈದ್ಯರಿಗೆ ಒಂದು ಸಂಗತಿ ಪದೇ ಪದೇ ಎದುರಾಯಿತು. ತಟ್ಟೆಯಲ್ಲಿ ಒಂದೇ ಬಗೆಯ ಆರೈಕೆ ಪಡೆದ ಪಿಂಡಗಳಲ್ಲಿ ಸುಮಾರು ಅರ್ಧದಷ್ಟು ಐದಾರು ದಿನದ ಗುಳ್ಳೆಯ ಹಂತವನ್ನು ಮುಟ್ಟುವುದೇ ಇಲ್ಲ. ನಾಲ್ಕು ಅಥವಾ ಎಂಟು ಕೋಶಗಳ ಹೊತ್ತಿಗೆ ಹಲವು ನಿಂತುಬಿಡುತ್ತವೆ. ಅದೇ ಹೊತ್ತಿನಲ್ಲಿ ಏಕೆ?

ಉತ್ತರದ ಮೊದಲ ಭಾಗವನ್ನು 1988ರಲ್ಲಿ ಬ್ರಿಟನ್ನಿನ ಪೀಟರ್ ಬ್ರಾಡಿ, ವರ್ಜೀನಿಯಾ ಬೋಲ್ಟನ್, ಸ್ಟೀಫನ್ ಮೂರ್ ಎಂಬ ಮೂವರು ಕೊಟ್ಟರು. ಅವರು ಉಪಯೋಗಿಸಿದ ಸಾಧನ ಒಂದು ವಿಷ. ಯೂರೋಪಿನ ಕಾಡುಗಳಲ್ಲಿ ಬೆಳೆಯುವ ಒಂದು ಬಗೆಯ ನಾಯಿಕೊಡೆಯನ್ನು ತಿಂದವರು ಸಾಯುವುದುಂಟು. ಅದರಲ್ಲಿರುವ ಆಲ್ಫಾ ಅಮಾನಿಟಿನ್ ಎಂಬ ವಿಷವು ನಮ್ಮ ಲಿಪಿಕಾರನ ಕೈಯನ್ನೇ ಕಟ್ಟಿಹಾಕುತ್ತದೆ, ಹೊಸ ನಕಲು ತೆಗೆಯಗೊಡುವುದಿಲ್ಲ. ಚಿಕಿತ್ಸೆಯಲ್ಲಿ ಮಿಕ್ಕು, ದಂಪತಿಗಳು ಸಂಶೋಧನೆಗೆಂದು ಕೊಟ್ಟ ಪಿಂಡಗಳನ್ನು ಈ ವಿಷದಲ್ಲಿಟ್ಟು ಅವರು ನೋಡಿದರು. ಒಂದು ಎರಡಾಗುವುದು, ಎರಡು ನಾಲ್ಕಾಗುವುದು ನಿಲ್ಲಲಿಲ್ಲ. ನಾಲ್ಕರಿಂದ ಮುಂದೆ ನಡೆಯಲಿಲ್ಲ. ಆ ಹೊತ್ತಿಗೆ ಕಾಣಿಸಬೇಕಾಗಿದ್ದ ಹೊಸ ಪ್ರೋಟೀನುಗಳೂ ಕಾಣಿಸಲಿಲ್ಲ. ಎಂದರೆ, ಎರಡನೆಯ ದಿನದವರೆಗೆ ಪಿಂಡಕ್ಕೆ ತನ್ನ ಗ್ರಂಥದ ಅಗತ್ಯ ಬೀಳುವುದಿಲ್ಲ. ನಾಲ್ಕು ಕೋಶ ಎಂಟಾಗುವ ಮೂರನೆಯ ದಿನದ ಸುಮಾರಿಗೆ ಅದು ತನ್ನ ಗ್ರಂಥವನ್ನು ಬಿಚ್ಚಲೇಬೇಕು. ಇಲಿಯಲ್ಲಿ ಈ ಘಟ್ಟ ಇನ್ನೂ ಬೇಗ, ಎರಡು ಕೋಶಗಳ ಹಂತದಲ್ಲಿಯೇ ಬರುತ್ತದೆ.

ಬಳಿಕ ಬಂದ ಸೂಕ್ಷ್ಮವಾದ ಸಾಧನಗಳು ಈ ಚಿತ್ರವನ್ನು ತಿದ್ದಿವೆ. ಪಿಂಡವು ಒಂದೇ ಕೋಶವಾಗಿರುವಾಗಲೇ ಅಲ್ಲೊಂದು ಇಲ್ಲೊಂದು ಗರಿಯನ್ನು ಮೆಲ್ಲಗೆ ನಕಲು ಮಾಡತೊಡಗುತ್ತದೆಂದು 2022ರಲ್ಲಿ ಬಾತ್ ವಿಶ್ವವಿದ್ಯಾನಿಲಯದ ಸಂಶೋಧಕರು ಇತರರೊಡನೆ ಕೂಡಿ ತೋರಿಸಿದರು. ಆದರೆ ಗ್ರಂಥ ಪೂರ್ಣವಾಗಿ ತೆರೆಯುವ ದೊಡ್ಡ ಅಲೆ ಬರುವುದು ಎಂಟು ಕೋಶಗಳ ಸುಮಾರಿಗೇ ಎಂಬ ಮಾತು ನಿಂತಿದೆ. ಇದರ ಜೊತೆಗೆ ಇನ್ನೊಂದು ಕೆಲಸವೂ ನಡೆಯಬೇಕು. ತಾಯಿ ಕಟ್ಟಿಕೊಟ್ಟ ಹಳೆಯ ಗರಿಗಳು ಹೊತ್ತಿಗೆ ಸರಿಯಾಗಿ ಅಳಿದುಹೋಗಬೇಕು. ಹಳೆಯ ಆಜ್ಞೆಗಳು ಉಳಿದುಕೊಂಡರೂ ಕೇಡು, ಹೊಸವು ಬಾರದಿದ್ದರೂ ಕೇಡು. ನಿಂತುಹೋದ ಪಿಂಡಗಳನ್ನು ಪರೀಕ್ಷಿಸಿದವರು ಈ ಎರಡು ಬಗೆಯ ತಪ್ಪುಗಳನ್ನೂ ಕಂಡಿದ್ದಾರೆ.

ಮೂರನೆಯ ಕಾರಣವೂ ಉಂಟು. ಪಿಂಡದ ಕೋಶ ಎರಡಾಗುವಾಗ ವರ್ಣತಂತುಗಳು ಸಮನಾಗಿ ಹಂಚಿಹೋಗಬೇಕು. 2009ರಲ್ಲಿ ಬೆಲ್ಜಿಯಮಿನ ಲ್ಯೂವೆನ್ ನಗರದ ಸಂಶೋಧಕರು, ವಯಸ್ಸಿನಲ್ಲಿ ಚಿಕ್ಕವರೂ ಮಕ್ಕಳಾಗುವ ಶಕ್ತಿಯುಳ್ಳವರೂ ಆದ ದಂಪತಿಗಳ ಪಿಂಡಗಳನ್ನು ಕೋಶ ಕೋಶವಾಗಿ ನೋಡಿದಾಗ ಹೆಚ್ಚಿನವುಗಳಲ್ಲಿ ಈ ಹಂಚಿಕೆ ಎಲ್ಲಿಯೋ ತಪ್ಪಿತ್ತು. ಮನುಷ್ಯರಲ್ಲಿ ಈ ತಪ್ಪು ಅಪರೂಪವಲ್ಲ, ಸಾಮಾನ್ಯ. ತಾಯಿಯ ವಯಸ್ಸು ಹೆಚ್ಚಿದಂತೆ ಅಂಡದಲ್ಲಿ ಮೊದಲೇ ಬರುವ ಇಂಥ ತಪ್ಪುಗಳು ಹೆಚ್ಚುತ್ತವೆ ಎಂಬುದೂ ನಿಜ.

‘ಹಾಗಾದರೆ ಬುತ್ತಿ ಕಟ್ಟಿದವಳು ತಾಯಿಯೇ, ದೋಷ ಅವಳದೇ’ ಎಂದು ಯಾರಾದರೂ ಹೇಳಿಯಾರು. ಹಾಗೆ ಹೇಳುವವರಿಗೆ ಈ ಚರಿತ್ರೆಯೇ ಉತ್ತರ ಕೊಡುತ್ತದೆ. ಮೊದಲನೆಯದಾಗಿ, ಹೆಣ್ಣಿನ ಅಂಡಗಳು ಮೂಲತಃ ಹುಟ್ಟುವುದು ಅವಳು ತನ್ನ ತಾಯಿಯ ಗರ್ಭದಲ್ಲಿದ್ದಾಗ. ನನ್ನ ಅಕ್ಕನ ಅಂಡಗಳು ನಮ್ಮ ಅಮ್ಮನ ಬಸುರಿನಲ್ಲಿಯೇ ಆದವು. ಅದನ್ನು ಆಕೆ ನಡೆಸಿದಳೆನ್ನಲು ಸಾಧ್ಯವೆ? ಎರಡನೆಯದಾಗಿ, ಕೆಲವು ಸ್ತ್ರೀಯರಲ್ಲಿ ಬುತ್ತಿಗೆ ಬೇಕಾದ ವಂಶವಾಹಿಯೇ ಕೆಟ್ಟಿರುವುದುಂಟು. 2015ರಲ್ಲಿ ಟಿಎಲ್‌ಇ6 ಎಂಬುದನ್ನೂ 2016ರಲ್ಲಿ ಪಿಎಡಿಐ6 ಎಂಬುದನ್ನೂ ಹೀಗೆ ಗುರುತಿಸಿದರು. ಅಂಥವರು ಆರೋಗ್ಯವಾಗಿಯೇ ಇರುತ್ತಾರೆ. ಪಿಂಡ ಮಾತ್ರ ಮೊದಲ ಕೆಲವು ವಿಭಜನೆಗಳಲ್ಲಿಯೇ ನಿಲ್ಲುತ್ತದೆ. ಆದರೆ ಈ ಕೊರತೆ ತಲೆದೋರಬೇಕಾದರೆ ಕೆಟ್ಟ ಪ್ರತಿ ಎರಡು ಬೇಕು, ಒಂದು ಅವಳ ತಾಯಿಯಿಂದ, ಇನ್ನೊಂದು ಅವಳ ತಂದೆಯಿಂದ. ಮೂರನೆಯದಾಗಿ, ಪಿಂಡ ಬಿಚ್ಚಿ ಓದಬೇಕಾದ ಗ್ರಂಥದಲ್ಲಿ ಅರ್ಧ ಗಂಡನದು. ಕೋಶ ಎರಡಾಗುವಾಗ ವರ್ಣತಂತುಗಳನ್ನು ಎಳೆದು ಹಂಚುವ ಏರ್ಪಾಟಿನ ಮುಖ್ಯ ಅಂಗವೊಂದು, ಮನುಷ್ಯರಲ್ಲಿ, ಗಂಡಿನ ವೀರ್ಯಾಣುವಿನೊಡನೆಯೇ ಬರುತ್ತದೆ. ಆದುದರಿಂದ ಪ್ರಶ್ನೆ ಕೇಳಲೇಬೇಕೆಂದಿದ್ದರೆ ಇಬ್ಬರನ್ನೂ ಕೂರಿಸಿ ಕೇಳತಕ್ಕದ್ದು. ಕೇಳತಕ್ಕವರು ವೈದ್ಯರೇ ಹೊರತು ನೆರೆಹೊರೆಯವರಲ್ಲ.

ಎಲ್ಲಕ್ಕಿಂತ ದೊಡ್ಡ ಮಾತು ದಿನದ ಲೆಕ್ಕ. ಪಿಂಡ ಎರಡನೆಯ, ಮೂರನೆಯ ದಿನ ನಿಲ್ಲುವಾಗ ಅದು ಇನ್ನೂ ಅಂಡನಾಳದಲ್ಲಿ ತೇಲುತ್ತಿರುತ್ತದೆ. ಗರ್ಭಾಶಯದ ಗೋಡೆಗೆ ಅದು ಅಂಟತೊಡಗುವುದು ಆರೇಳನೆಯ ದಿನದ ಮೇಲೆ. ತಾನು ಬಸುರಿಯೆಂದು ತಿಳಿಯುವ ಯಾವ ದಾರಿಯೂ ತಾಯಿಗೆ ಆಗ ಇರುವುದಿಲ್ಲ; ಅಷ್ಟು ಬೇಗ ನಿಂತ ಪಿಂಡ ತಿಂಗಳ ಲೆಕ್ಕವನ್ನು ಕೂಡ ತಪ್ಪಿಸುವುದಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಕೊಡವಿಲ್ಲ, ಪರಂಗಿಯಿಲ್ಲ, ಗ್ರಹಣವಿಲ್ಲ. ಅಲ್ಲಿಯೂ ಅರ್ಧ ಪಿಂಡಗಳು ನಿಲ್ಲುತ್ತವೆ.

ನಾನು ಹೇಳಿದ್ದನ್ನು ಮಿತಿಮೀರಿ ತೆಗೆದುಕೊಳ್ಳಬೇಡಿರಿ. ಗರ್ಭಿಣಿಗೆ ಒಳ್ಳೆಯ ಆಹಾರ, ವಿಶ್ರಾಂತಿ, ವೈದ್ಯರ ತಪಾಸಣೆ ಬೇಡವೆಂದು ಇದರ ಅರ್ಥವಲ್ಲ; ಅವು ಬೇಕೇ ಬೇಕು. ತಿಂಗಳುಗಳ ಮೇಲೆ ಆಗುವ ಗರ್ಭಪಾತಕ್ಕೆ ಬೇರೆ ಕಾರಣಗಳೂ ಇರುತ್ತವೆ. ಅಕ್ಕನ ವಿಷಯದಲ್ಲಿ ನಿಜವಾಗಿ ನಡೆದದ್ದೇನೆಂದು ಇಂದು ಯಾರೂ ಹೇಳಲಾರರು. ಅವಳ ಲೆಕ್ಕ ನಾಲ್ಕೈದು ದಿನ ಮುಂದಕ್ಕೆ ಹೋಗುತ್ತಿತ್ತು. ಆ ಪಿಂಡಗಳು ಗೋಡೆಯವರೆಗೆ ಬಂದು ಆಮೇಲೆ ನಿಂತಿದ್ದರೂ ಇರಬಹುದು. ಅಷ್ಟು ಎಳೆಯ ಪಿಂಡದ ಗತಿಯನ್ನೂ ಬಹುಮಟ್ಟಿಗೆ ನಿಶ್ಚಯಿಸುವುದು ಅದರೊಳಗಿನ ಗ್ರಂಥ ಮತ್ತು ಅದರ ವರ್ಣತಂತುಗಳ ಹಂಚಿಕೆ. ತುಂಬಿದ ಕೊಡವೊಂದನ್ನು ಎತ್ತಿದ್ದರಿಂದ ಅದು ಬದಲಾಗತಕ್ಕದ್ದಲ್ಲ.

ಮೊನ್ನೆ ಅಕ್ಕನ ಊರಿಗೆ ಹೋಗಿದ್ದೆ. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಈ ಬುತ್ತಿಯ ಕಥೆಯನ್ನೆಲ್ಲ ಹೇಳಿದೆ. ಅವಳು ಎಲೆಯಡಿಕೆ ಹಾಕಿಕೊಳ್ಳುತ್ತ ಪೂರ್ತಿ ಕೇಳಿದಳು. ಬಹಳ ಹೊತ್ತು ಸುಮ್ಮನಿದ್ದು, ‘ಇದನ್ನು ಅತ್ತೆಯವರು ಇದ್ದಾಗ ಹೇಳಬಾರದಿತ್ತೇನೋ’ ಎಂದಳು.

ಆಗ ನನಗೆ ತಿಳಿದಿರಲಿಲ್ಲ. ಈಗ ನಿಮಗೂ ತಿಳಿದಿದೆ. ನಿಮ್ಮ ಮನೆಯಲ್ಲಿ, ನೆರೆಮನೆಯಲ್ಲಿ ಅಂಥ ವಿಚಾರಣೆ ನಡೆಯುವುದು ಕಿವಿಗೆ ಬಿದ್ದರೆ ದಯಮಾಡಿ ಸುಮ್ಮನಿರಬೇಡಿರಿ.